ಸೊಂಟದ ಮೂಳೆ ಜಾರಿದೆ, ಆದರೆ ಈಗ ನೋವು ಕಡಿಮೆ. ಆಪರೇಷನ್ ಮುಂದೂಡಬಹುದಾ?

"ನೋವು ಇಳಿದಿದೆ, ಪಾದ ಮಾತ್ರ ಸ್ವಲ್ಪ ಜೋಮು" ಅಂತ ಬರೆದಿದ್ದೀರಿ. ಓದಿ ಎದೆ ಧಸಕ್ ಅಂತು. ಐದು ವರ್ಷದ ಹಿಂದೆ ನಾನೂ ಇದೇ ಮಾತು ಹೇಳಿಕೊಂಡು ಓಡಾಡಿದವಳು.

ನಮ್ಮದು ಹಾಸನ. ಮನೆಯಲ್ಲೇ ಬಟ್ಟೆ ಹೊಲಿಯುತ್ತೇನೆ. ಆಗ ನನಗೆ 53. ಬೆನ್ನುಮೂಳೆಯಲ್ಲಿ ಸೊಂಟದ ಭಾಗದ ನಾಲ್ಕನೇ ಮೂಳೆ (ಎಲ್4) ಐದನೆಯದರ (ಎಲ್5) ಮೇಲೆ ಮುಂದಕ್ಕೆ ಜಾರಿತ್ತು. ಗ್ರೇಡ್ 1, ಅಂದರೆ ಜಾರಿದ್ದು ಮೂಳೆಯ ಅಗಲದ ಶೇ. 25ರೊಳಗೆ. ಮಲಗಿಸಿ ಮಾಡಿದ ಎಂಆರ್‌ಐನಲ್ಲಿ ಅದು ಅಷ್ಟಾಗಿ ಕಾಣಲಿಲ್ಲ. ನಿಲ್ಲಿಸಿ, ಬಗ್ಗಿಸಿ ತೆಗೆದ ಎಕ್ಸ್‌ರೇಯಲ್ಲಿ ಸಿಕ್ಕಿತು. ಸಂತೆಗೆ ಹೋದರೆ ಸ್ವಲ್ಪ ದೂರಕ್ಕೇ ಯಾವುದಾದರೂ ಅಂಗಡಿ ಮೆಟ್ಟಿಲ ಮೇಲೆ ಕೂರಬೇಕಿತ್ತು. ಮುಂದಕ್ಕೆ ಬಗ್ಗಿ ಕೂತರೆ ಕಾಲಿನ ಸೆಳೆತ ಇಳಿಯುತ್ತಿತ್ತು.

ಡಾಕ್ಟರ್ ಆಪರೇಷನ್ ಅಂದರು. ಬೆನ್ನಿಗೆ ಕೈ ಹಾಕಿಸಿದರೆ ಹಾಸಿಗೆ ಹಿಡಿಯುತ್ತೀಯ ಅಂತ ನೆಂಟರೆಲ್ಲ ಹೆದರಿಸಿದರು. ಅಷ್ಟರಲ್ಲಿ ನೋವು ತಾನಾಗೇ ಇಳಿಯಿತು. ದೇವರು ದೊಡ್ಡವನು ಅಂತ ಸುಮ್ನಾದೆ.

ತಪ್ಪಿದ್ದು ಇಲ್ಲೇ. ನಾನು ನೋವನ್ನು ಅಳೆದೆ, ಬಲವನ್ನು ಅಳೆಯಲಿಲ್ಲ. ನೋವು ಹೋಯ್ತು ಅಂದರೆ ನರಕ್ಕೆ ಬಿಡುಗಡೆಯಾಯ್ತು ಅಂದುಕೊಂಡೆ. ಒತ್ತಿಕೊಂಡ ನರ ಸೋತಾಗಲೂ ನೋವು ಇಳಿಯಬಹುದು ಅಂತ ಗೊತ್ತಿರಲಿಲ್ಲ. ಗೊತ್ತು ಮಾಡಿಕೊಳ್ಳಲು ಬೇಕಾದಷ್ಟು ಸೂಚನೆ ಇತ್ತು. ಒಂದು ದಿನ ಹಾಲು ತಂದು, ಕಾಲು ತೊಳೆಯಲು ಹೋದರೆ ಎಡಗಾಲಲ್ಲಿ ಚಪ್ಪಲಿಯೇ ಇಲ್ಲ. ರಸ್ತೆ ತಿರುವಿನಲ್ಲಿ ಬಿದ್ದಿತ್ತು, ಕಳಚಿದ್ದೇ ತಿಳಿದಿರಲಿಲ್ಲ. ಚಪ್ಪಲಿ ಸಡಿಲ ಅಂತ ಹೊಸದು ಕೊಂಡೆ! ಹೊಲಿಗೆ ಮೆಷಿನ್ ತುಳಿಯುವಾಗ ಎಡ ಪಾದ ಮೇಲೇಳದಿದ್ದರೆ ಮೆಷಿನ್‌ಗೆ ಎಣ್ಣೆ ಬಿಟ್ಟೆ. ಹೀಗೇ ಐದು ತಿಂಗಳು ಕಳೆದೆ. ಕೊನೆಗೆ ಡಾಕ್ಟರ್ ನನ್ನ ಎಡಗಾಲಿನ ಹೆಬ್ಬೆರಳನ್ನು ಒಂದೇ ಬೆರಳಲ್ಲಿ ಒತ್ತಿ, "ಮೇಲೆತ್ತಿ" ಅಂದರು. ಆಗಲಿಲ್ಲ.

ಆಮೇಲೆ ಆಪರೇಷನ್ ಆಯ್ತು. ನರದ ಮೇಲಿನ ಒತ್ತಡ ತೆಗೆದು, ಎರಡು ಮೂಳೆಗೂ ಸ್ಕ್ರೂ, ರಾಡ್ ಹಾಕಿ, ನಡುವೆ ಮೂಳೆ ಚೂರು ತುಂಬಿದ ಕೇಜ್ ಅನ್ನೋ ಪುಟ್ಟ ಗೂಡು ಇಟ್ಟರು. ಮರುದಿನವೇ ನಿಲ್ಲಿಸಿ ನಡೆಸಿದರು. ಹಾಸಿಗೆ ಹಿಡಿಯಲಿಲ್ಲ. ಆದರೆ ಸ್ಕ್ರೂ ಹಿಡಿದುಕೊಳ್ಳುತ್ತದೆ ಅಷ್ಟೆ, ಮೂಳೆ ಬೆಸೆದುಕೊಳ್ಳಲು ಆರು ತಿಂಗಳಿಂದ ವರ್ಷ ಬೇಕು. ಅದಕ್ಕೇ ಎಲೆಅಡಿಕೆ ಜೊತೆಗಿನ ಕಡ್ಡಿಪುಡಿ ಬಿಡಿಸಿದರು, ಹೊಗೆಸೊಪ್ಪಿನ ನಿಕೋಟಿನ್ ಬೆಸುಗೆ ಕೆಡಿಸುತ್ತದಂತೆ. ಸೆಳೆತ ಪೂರ್ತಿ ಹೋಯ್ತು. ಎಡ ಪಾದದ ಬಲ ಮಾತ್ರ ಅರ್ಧವೇ ಬಂತು. ಈಗಲೂ ಹಿಂದೆ ಪಟ್ಟಿ ಇರುವ ಚಪ್ಪಲಿಯೇ ಗತಿ.

ಹಾಗಾಗಿ "ನೋವಿಲ್ಲ, ಮುಂದೂಡಲಾ" ಅನ್ನೋ ಪ್ರಶ್ನೆಯೇ ಸರಿಯಿಲ್ಲ. ಮೂಳೆ ಜಾರಿದವರಿಗೆಲ್ಲ ಆಪರೇಷನ್ ಬೇಕಿಲ್ಲ. ಗ್ರೇಡ್ 1 ಇರುವ ಎಷ್ಟೋ ಜನ ವ್ಯಾಯಾಮದಲ್ಲೇ ಚೆನ್ನಾಗಿದ್ದಾರೆ. ಆದರೆ ಕಾಲಿನ ಬಲ ಇಳಿಯುತ್ತಿದ್ದರೆ ಕಾಯಬೇಡಿ. ಮೂತ್ರ ಕಟ್ಟಿದರೆ, ಹಿಡಿತ ತಪ್ಪಿದರೆ, ಕೂತಾಗ ನೆಲಕ್ಕೆ ತಾಗುವ ಭಾಗ ಮರಗಟ್ಟಿದರೆ ಆ ಕ್ಷಣವೇ, ರಾತ್ರಿಯಾದರೂ, ದೊಡ್ಡಾಸ್ಪತ್ರೆಗೆ ಓಡಿ.

ಇವತ್ತೇ ಗೋಡೆ ಹಿಡಿದು ಹಿಮ್ಮಡಿ ಮೇಲೆ ಹತ್ತು ಹೆಜ್ಜೆ ಹಾಕಿ ನೋಡಿ. ಒಂದು ಪಾದ ಕೆಳಗೆ ಬಿದ್ದರೆ ನಾಳೆ ಬೆಳಿಗ್ಗೆಯೇ ಡಾಕ್ಟರ್ ಹತ್ತಿರ ಹೋಗಿ. ಏನಾಯ್ತು ಅಂತ ಇಲ್ಲೇ ಬರೆಯಿರಿ, ನೋಡುತ್ತಿರುತ್ತೇನೆ.