ಪ್ಲೇನ್‌ಸ್ಕೇಪ್: ಟಾರ್ಮೆಂಟ್ ಈಗಲೂ ಆಡಬೇಕಾದ ಆಟವೇ? ಹಳಬರ ಹೊಗಳಿಕೆಯನ್ನು ಎಷ್ಟು ನಂಬಬಹುದು?

ಬಾಲ್ಡರ್ಸ್ ಗೇಟ್ 3 ಮುಗಿಸಿದ ಮೇಲೆ ಹಳೆಯ ಕಥಾಪ್ರಧಾನ ಆರ್‌ಪಿಜಿಗಳನ್ನು (ಒಂದು ಪಾತ್ರವಾಗಿ ಆಡುವ ಕಂಪ್ಯೂಟರ್ ಆಟಗಳನ್ನು) ಆಡುವ ಮನಸ್ಸಾಗಿದೆ, ಆದರೆ ಟಾರ್ಮೆಂಟ್‌ನಂಥ ಕಥೆ ಇನ್ನೊಂದಿಲ್ಲ ಎನ್ನುವವರೂ ಅದನ್ನು ಎರಡು ಗಂಟೆಯೊಳಗೆ ಅಳಿಸಿ ಹಾಕಿದೆವು ಎನ್ನುವವರೂ ಸರಿಸುಮಾರು ಅಷ್ಟೇ ಖಚಿತವಾಗಿ ಮಾತನಾಡುವುದರಿಂದ ಯಾರನ್ನು ನಂಬಬೇಕೆಂದು ತಿಳಿಯುತ್ತಿಲ್ಲ ಎಂದು ಕೇಳಿದ್ದೀರಿ. ನನ್ನ ಅಭಿಪ್ರಾಯದಲ್ಲಿ ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಅವರು ಆಡಿದ್ದು ಒಂದೇ ಹೆಸರಿನ ಎರಡು ಬೇರೆ ಆಟಗಳನ್ನು. ಯಾವುದು ಯಾರ ಪಾಲಿಗೆ ಬಂತೆಂಬುದು ಆಟದ ಮೊದಲ ಪರದೆಯಲ್ಲಿ, ಪಾತ್ರಕ್ಕೆ ಅಂಕ ಹಂಚುವ ಹೊತ್ತಿನಲ್ಲೇ ತೀರ್ಮಾನವಾಗಿರುತ್ತದೆ.

ಬ್ಲ್ಯಾಕ್ ಐಲ್ ಸ್ಟುಡಿಯೋಸ್ ರೂಪಿಸಿ ಇಂಟರ್‌ಪ್ಲೇ ಸಂಸ್ಥೆ 1999ರ ಡಿಸೆಂಬರಿನಲ್ಲಿ ಹೊರತಂದ ಆಟವಿದು. ಮುಖ್ಯ ವಿನ್ಯಾಸಕ ಕ್ರಿಸ್ ಅವೆಲೋನ್. ಬಯೋವೇರ್ ಸಂಸ್ಥೆ ಮೊದಲ ಬಾಲ್ಡರ್ಸ್ ಗೇಟ್‌ಗಾಗಿ ಕಟ್ಟಿದ್ದ, ಆಟ ನಡೆಸುವ ತಂತ್ರಾಂಶವಾದ ಇನ್ಫಿನಿಟಿ ಎಂಜಿನ್ನನ್ನೇ ಇಲ್ಲಿಯೂ ಬಳಸಿದ್ದಾರೆ. ಆದ್ದರಿಂದ ಮೇಲ್ನೋಟಕ್ಕೆ ಎರಡೂ ಒಂದೇ ಬಗೆಯವೆಂದು ತೋರುತ್ತವೆ. ಆದರೆ ಆ ಕಾಲದ ಆಟಗಾರರು ರೂಢಿ ಮಾಡಿಕೊಂಡಿದ್ದ ಬಹುತೇಕ ಸಂಗತಿಗಳನ್ನು ಈ ತಂಡ ಬೇಕೆಂದೇ ಕೈಬಿಟ್ಟಿತು. ಎಲ್ಫ್‌ಗಳಿಲ್ಲ, ಡ್ವಾರ್ಫ್‌ಗಳಿಲ್ಲ. ನಾಯಕ ಕವಚ ತೊಡುವುದಿಲ್ಲ, ಅದರ ಬದಲು ಮೈಮೇಲೆ ಹಚ್ಚೆ ಹಾಕಿಸಿಕೊಳ್ಳುತ್ತಾನೆ. ಅವನು ಹಿಡಿಯಲು ಖಡ್ಗ ಸಿಗುವುದೇ ಬಹಳ ಅಪರೂಪ. ಹೆಸರು ನೆನಪಿಲ್ಲದ, ಸಾವೂ ಬಾರದ ಈ ಮನುಷ್ಯ ಸಿಗಿಲ್ ಎಂಬ ನಗರದ ಶವಾಗಾರದ ಮೇಜಿನ ಮೇಲೆ ಎಚ್ಚರಗೊಳ್ಳುವಲ್ಲಿಂದ ಕಥೆ ಆರಂಭವಾಗುತ್ತದೆ. ಅವನ ಬೆನ್ನಿನ ಮೇಲೆ ಅವನೇ ಯಾವಾಗಲೋ ಕೊರೆಸಿಕೊಂಡ ಸೂಚನೆಗಳಿವೆ, ಅವನ್ನು ಓದಿ ಹೇಳಲು ಗಾಳಿಯಲ್ಲಿ ತೇಲುವ ಮಾರ್ಟ್ ಎಂಬ ವಾಚಾಳಿ ತಲೆಬುರುಡೆಯೊಂದು ಬರುತ್ತದೆ. ಆ ಬುರುಡೆ ಎಲ್ಲವನ್ನೂ ಓದಿ ಹೇಳಿತೇ ಎಂಬುದನ್ನು ನೀವೇ ಆಡಿ ತಿಳಿದುಕೊಳ್ಳುವುದು ಒಳ್ಳೆಯದು.

ಈಗ ಅಂಕ ಹಂಚುವ ಪರದೆಗೆ ಬರೋಣ. ಆರೂ ಗುಣಗಳು 9ರಿಂದ ಆರಂಭವಾಗುತ್ತವೆ, ಹಂಚಲು ನಿಮಗೆ 21 ಅಂಕ ಸಿಗುತ್ತದೆ. ನಾಯಕ ಯೋಧನಾಗಿ ಆರಂಭಿಸುವುದರಿಂದ ಬೇರೆ ಆಟಗಳ ಅಭ್ಯಾಸವಿರುವವರು ಸಹಜವಾಗಿ ಸ್ಟ್ರೆಂತ್ (ದೇಹಬಲ) ಮತ್ತು ಕಾನ್‌ಸ್ಟಿಟ್ಯೂಷನ್‌ಗೆ (ತಾಳಿಕೆ) ಹೆಚ್ಚು ಸುರಿದು, ಉಳಿದದ್ದನ್ನು ಬೇರೆಡೆ ಚೆಲ್ಲಿ ಮುಂದುವರಿಯುತ್ತಾರೆ. ಹಾಗೆ ಮಾಡಿದವರ ಪಾಲಿಗೆ ಉಳಿಯುವುದು ಈ ಆಟದ ಅತ್ಯಂತ ಕಳಪೆ ಭಾಗವಾದ ಕಾದಾಟ ಮಾತ್ರ. ವಿಸ್ಡಮ್ (ವಿವೇಕ), ಇಂಟೆಲಿಜೆನ್ಸ್ (ಬುದ್ಧಿ), ಕರಿಸ್ಮಾ (ವ್ಯಕ್ತಿತ್ವದ ಸೆಳೆತ) ಕಡಿಮೆಯಿದ್ದರೆ ಸಂಭಾಷಣೆಯ ಪಟ್ಟಿಯಲ್ಲಿ ಕೆಲವು ಸಾಲುಗಳು ಕಾಣಿಸಿಕೊಳ್ಳುವುದೇ ಇಲ್ಲ, ಮತ್ತು ಕಾಣದ ಸಾಲು ಇತ್ತೆಂಬ ಸುಳಿವನ್ನೂ ಆಟ ಕೊಡುವುದಿಲ್ಲ. ಆಟಗಾರ ಈ ಊರಿನವರು ಬರೀ ಮಾತಾಡುತ್ತಾರೆ, ಏನೂ ನಡೆಯುವುದಿಲ್ಲ ಎಂದುಕೊಂಡು ಎದ್ದು ಹೋಗುತ್ತಾನೆ. ವಿಸ್ಡಮ್ಮನ್ನು 18ಕ್ಕೆ ಏರಿಸಿದವನಿಗೆ ಅದೇ ಜನರ ಅದೇ ಮಾತುಗಳ ನಡುವೆ ಹಳೆಯ ನೆನಪುಗಳು ಮರುಕಳಿಸುತ್ತವೆ, ಹಾಗೆ ಮರುಕಳಿಸಿದ್ದಕ್ಕೆ ಅನುಭವದ ಅಂಕಗಳೂ ಸಿಗುತ್ತವೆ, ಅವು ಸಾಲಾಗಿ ಶತ್ರುಗಳನ್ನು ಕೊಂದು ಗಳಿಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಹೊಗಳುವವರು ಈ ಸಂಗತಿಯನ್ನು ಮೊದಲೇ ಹೇಳುವುದಿಲ್ಲವೆಂಬುದು ನನ್ನ ದೂರು. ಕಥೆಯ ಗುಟ್ಟು ಬಿಟ್ಟುಕೊಡಬಾರದೆಂಬ ಕಾಳಜಿಯಲ್ಲಿ ಅವರು ಕಥೆಯ ಬಾಗಿಲು ಎಲ್ಲಿದೆಯೆಂಬುದನ್ನೂ ಮುಚ್ಚಿಡುತ್ತಾರೆ.

ಒಂದು ಉದಾಹರಣೆ ಕೊಡುತ್ತೇನೆ. ಮಂತ್ರವಿದ್ಯೆ ಕಲಿಯಬೇಕೆಂದರೆ ಚಿಂದಿ ಆಯುವವರ ಕೇರಿಯಲ್ಲಿರುವ ಮೆಬೆತ್ ಎಂಬ ಸೂಲಗಿತ್ತಿ ಮುದುಕಿಯ ಬಳಿಗೆ ಹೋಗಬೇಕು. ಬೇರೆ ಆಟಗಳಲ್ಲಾದರೆ ಪಾತ್ರ ಸೃಷ್ಟಿಸುವಾಗಲೇ ಮಾಂತ್ರಿಕ ಎಂಬುದನ್ನು ಆರಿಸಿದರೆ ಮುಗಿಯಿತು. ಇಲ್ಲಿ ಮೆಬೆತ್ ಮೊದಲು ಗೊಣಗುತ್ತಾಳೆ, ಆಮೇಲೆ ಗಿಡದ ಬೀಜ ತಾ ಎನ್ನುತ್ತಾಳೆ, ಬಟ್ಟೆಗೆ ಗಂಜಿ ಹಾಕಿಸಿಕೊಂಡು ಬಾ ಎನ್ನುತ್ತಾಳೆ, ಮಸಿ ತಾ ಎಂದು ಇನ್ನೊಮ್ಮೆ ಅಟ್ಟುತ್ತಾಳೆ. ಆಟಗಾರನಿಗೆ ಸಿಟ್ಟು ಬರುವಷ್ಟು ಅಲೆದಾಡಿಸಿದ ಮೇಲೆ, ಈ ಓಡಾಟದಿಂದ ನೀನು ಕಲಿತದ್ದೇನು ಎಂದು ಕೇಳುತ್ತಾಳೆ. ಗುಣಾಂಕ ಸಾಕಷ್ಟಿದ್ದರೆ ಕೊಡಬಹುದಾದ ಉತ್ತರಗಳಲ್ಲಿ ನಿಜವಾದ ವಿಚಾರವಿದೆ. ಇಲ್ಲದಿದ್ದರೆ ನೀವು ಮೂರು ಸಾಮಾನು ಸಾಗಿಸಿದ ಕೂಲಿಯವರಷ್ಟೇ. ದನ ಕಾಯಲು ಕಳುಹಿಸಿ ಶಿಷ್ಯನನ್ನು ಪರೀಕ್ಷಿಸುವ ಗುರುವಿನ ಕಥೆಗಳನ್ನು ಕೇಳಿ ಬೆಳೆದ ನಮಗೆ ಈ ಪ್ರಸಂಗ ಹೊಸದೆನಿಸದೆ ಹೋದರೂ, ಸಾಮಾನು ತಂದುಕೊಡುವ ಕೆಲಸವನ್ನೇ ಬೇಸರದ ಭರ್ತಿಯನ್ನಾಗಿ ಬಳಸುವ ಒಂದು ಪ್ರಕಾರದಲ್ಲಿ ಅದೇ ಕೆಲಸಕ್ಕೆ ಅರ್ಥ ಕೊಟ್ಟದ್ದು ಸಣ್ಣ ಮಾತಲ್ಲ.

ಇನ್ನೊಂದು ಸಂಗತಿ ನನಗೆ ಬಹಳ ಇಷ್ಟ. ನಾಯಕನಿಗೆ ಹೆಸರಿಲ್ಲವಾದ್ದರಿಂದ ಯಾರಾದರೂ ಹೆಸರು ಕೇಳಿದಾಗ ಅಡಾನ್ ಎಂದು ಸುಳ್ಳು ಹೇಳುವ ಆಯ್ಕೆಯಿದೆ. ಒಂದೆರಡು ಬಾರಿ ಹೇಳಿದರೆ ಏನೂ ಆಗುವುದಿಲ್ಲ. ಆದರೆ ನಂಬಿಕೆಯೇ ವಸ್ತುವಾಗುವ ಲೋಕ ಅದು. ಸಾಕಷ್ಟು ಜನರೆದುರು ಅದೇ ಸುಳ್ಳನ್ನು ಹೇಳುತ್ತಾ ಹೋದರೆ ಒಂದು ದಿನ ಅಡಾನ್ ಎಂಬ ಮನುಷ್ಯ ನಿಜವಾಗಿಯೂ ಎದುರಾಗುತ್ತಾನೆ. ಇದಕ್ಕೆ ಯಾವ ಸೂಚನೆಯೂ ಇಲ್ಲ, ಕೆಲಸಗಳ ಪಟ್ಟಿಯಲ್ಲಿ ನಮೂದೂ ಇಲ್ಲ. ಇದು ಆಟವಲ್ಲ, ಪುಸ್ತಕ ಎಂದು ಟೀಕಿಸುವವರಿಗೆ ನಾನು ಕೊಡುವ ಉತ್ತರ ಇದೇ: ಓದುಗನ ಸುಳ್ಳನ್ನು ಎಣಿಸಿಟ್ಟುಕೊಂಡು ಅದರಿಂದ ಮನುಷ್ಯನನ್ನು ಹುಟ್ಟಿಸುವ ಕೆಲಸವನ್ನು ಪುಸ್ತಕ ಮಾಡಲಾರದು. ಡಾಕಾನ್ ಎಂಬ ಸಂಗಡಿಗನ ವಿಷಯದಲ್ಲಿಯೂ ಹೀಗೆಯೇ. ಅವನು ತನ್ನ ಜನಾಂಗದ ಧರ್ಮಕಥೆಗಳನ್ನು ನಿಮಗೆ ಒಂದೊಂದಾಗಿ ಕಲಿಸುತ್ತಾನೆ, ಪ್ರತಿ ಕಥೆಯ ಕೊನೆಯಲ್ಲಿ ನಿಮಗೆ ತಿಳಿದದ್ದೇನೆಂದು ಕೇಳುತ್ತಾನೆ. ಮುಂದೆ ಹೋದಂತೆ ಕಲಿಸುವವನಿಗೇ ಆ ಕಥೆಗಳಲ್ಲಿ ನಂಬಿಕೆ ಅಲುಗಾಡಿದೆಯೆಂದು ಗೊತ್ತಾಗುತ್ತದೆ. ಅವನ ಖಡ್ಗದ ರೂಪವೂ ಬಲವೂ ಅವನ ಮನಸ್ಸಿನ ಸ್ಥಿತಿಯನ್ನೇ ಅವಲಂಬಿಸಿರುವುದರಿಂದ, ನೀವು ಮಾತಿನಲ್ಲಿ ಅವನ ಮನಸ್ಸನ್ನು ತಿಳಿಗೊಳಿಸಿದರೆ ಕಾದಾಟದಲ್ಲಿ ಅವನ ಪೆಟ್ಟು ಜೋರಾಗುತ್ತದೆ.

ಇಷ್ಟು ಹೇಳಿದ ಮೇಲೆ ದೋಷಗಳನ್ನೂ ಹೇಳಬೇಕು, ಏಕೆಂದರೆ ಅಭಿಮಾನಿಗಳು ಇವನ್ನು ನಗುತ್ತಾ ತಳ್ಳಿಹಾಕುತ್ತಾರೆ. ಕಾದಾಟ ಕೆಟ್ಟದ್ದು, ಅದರಲ್ಲಿ ಎರಡು ಮಾತಿಲ್ಲ. ಸಂಗಡಿಗರು ಒಬ್ಬರ ಕಾಲಿಗೊಬ್ಬರು ಸಿಕ್ಕಿಕೊಳ್ಳುತ್ತಾರೆ, ದೊಡ್ಡ ಮಂತ್ರಗಳು ಪ್ರಯೋಗವಾದಾಗಲೆಲ್ಲ ಪರದೆಯನ್ನು ಆವರಿಸುವ ಉದ್ದನೆಯ ದೃಶ್ಯವೊಂದು ಓಡುತ್ತದೆ. ಸಿಗಿಲ್ ಬಿಟ್ಟು ಹೊರಟ ಮೇಲಿನ ಭಾಗ ಅವಸರದಲ್ಲಿ ಮುಗಿಸಿದಂತಿದೆ. ಮೊದಲರ್ಧದಲ್ಲಿ ಬೀದಿಯ ಪ್ರತಿ ಮೂಲೆಯಲ್ಲೂ ಒಂದು ಕಥೆ ಇಟ್ಟವರು ಕರ್ಸ್ಟ್ ಪಟ್ಟಣದ ಆಚೆಗೆ ಶತ್ರುಗಳನ್ನು ಸಾಲುಗಟ್ಟಿ ನಿಲ್ಲಿಸುತ್ತಾರೆ. ಮೋಡ್ರಾನ್ ಎಂಬ ಯಂತ್ರಜೀವಿಗಳ ಚಕ್ರವ್ಯೂಹ ಹಳೆಯ ಸುರಂಗದಾಟಗಳ ಅಣಕವೆಂಬುದು ನನಗೂ ಗೊತ್ತು, ಆದರೆ ಬೇಸರವನ್ನು ಅಣಕಿಸಲು ಆಟಗಾರನಿಗೆ ಅಷ್ಟೇ ಬೇಸರ ಮಾಡಿಸಬೇಕಾಗಿರಲಿಲ್ಲ. ಹೆಣ್ಣು ಪಾತ್ರಗಳಿಗೆ ತೊಡಿಸಿದ ಉಡುಪು ಆ ಕಾಲದ ಗಂಡು ಹುಡುಗರನ್ನು ಮನಸ್ಸಿನಲ್ಲಿಟ್ಟುಕೊಂಡದ್ದು. ಸಂಗಡಿಗರಾದ ಅನ್ನಾ, ಫಾಲ್-ಫ್ರಮ್-ಗ್ರೇಸ್ ಇಬ್ಬರಿಗೂ ಬರೆದಿರುವ ಮಾತುಗಳ ಘನತೆಗೆ ಅದು ಒಪ್ಪುವುದಿಲ್ಲ.

ಕನ್ನಡ ಮಾಧ್ಯಮದಲ್ಲಿ ಓದಿ ಬಂದವರಿಗೆ ಇನ್ನೊಂದು ತೊಡಕಿದೆ. ಆಟದಲ್ಲಿ ಸುಮಾರು 8 ಲಕ್ಷ ಪದಗಳಿವೆ ಎನ್ನಲಾಗುತ್ತದೆ, ಧ್ವನಿ ಕೊಟ್ಟಿರುವುದು ಅದರಲ್ಲಿ ಅಲ್ಪ ಭಾಗಕ್ಕೆ ಮಾತ್ರ. ಬಾಲ್ಡರ್ಸ್ ಗೇಟ್ 3ರಲ್ಲಿ ಪ್ರತಿ ಪಾತ್ರವೂ ತುಟಿ ಅಲುಗಿಸಿ ಮಾತನಾಡುವುದನ್ನು ಕಂಡು ಬಂದವರಿಗೆ ಇದೊಂದೇ ಸಾಕು ಹಿಮ್ಮೆಟ್ಟಲು. ಸಾಲದ್ದಕ್ಕೆ ಸಿಗಿಲ್‌ನ ಜನ ಹಳೆಯ ಲಂಡನ್ನಿನ ಕಳ್ಳರ ಆಡುಮಾತಿನಿಂದ ಎರವಲು ಪಡೆದ ಬೀದಿ ಇಂಗ್ಲಿಷನ್ನಾಡುತ್ತಾರೆ. ದುಡ್ಡಿಗೆ ಜಿಂಕ್, ದಡ್ಡನಿಗೆ ಬರ್ಕ್, ಸುದ್ದಿಗೆ ಚಾಂಟ್. ಮೊದಲ ಕೆಲವು ಗಂಟೆ ತಲೆ ಕೆರೆದುಕೊಂಡರೂ ಸಂದರ್ಭದಿಂದಲೇ ಅರ್ಥ ತಿಳಿಯುತ್ತಾ ಹೋಗುತ್ತದೆ, ನಿಘಂಟು ಬೇಕಾಗುವುದಿಲ್ಲ. ಆದರೆ ದಿನದ ಕೆಲಸ ಮುಗಿಸಿ ರಾತ್ರಿ ಹನ್ನೊಂದಕ್ಕೆ ಕೂರುವವರು ಈ ಆಟವನ್ನು ಮುಗಿಸುವುದು ಕಷ್ಟವೆಂಬುದನ್ನು ಒಪ್ಪಲೇಬೇಕು.

ಬಾಲ್ಡರ್ಸ್ ಗೇಟ್ 2 ಮತ್ತು ಫಾಲ್‌ಔಟ್ ಬಗ್ಗೆಯೂ ಕೇಳಿದ್ದೀರಿ. 2000ದಲ್ಲಿ ಬಂದ ಬಾಲ್ಡರ್ಸ್ ಗೇಟ್ 2 ವಿಸ್ತಾರದಲ್ಲಿ, ಸಂಗಡಿಗರ ವೈವಿಧ್ಯದಲ್ಲಿ, ಕಾದಾಟದಲ್ಲಿ ಟಾರ್ಮೆಂಟ್‌ಗಿಂತ ಖಂಡಿತ ಮುಂದಿದೆ, ಮತ್ತು ಡೇವಿಡ್ ವಾರ್ನರ್ ಧ್ವನಿ ನೀಡಿದ ಐರೆನಿಕಸ್‌ಗೆ ಸರಿಗಟ್ಟುವ ಖಳನಾಯಕರು ಆಟಗಳಲ್ಲಿ ವಿರಳ. ಆದರೆ ಅದರ ಕಥೆಯನ್ನು ಟಾರ್ಮೆಂಟ್‌ನ ಪಕ್ಕದಲ್ಲಿಟ್ಟು ಹೊಗಳುವವರೊಂದಿಗೆ ನನಗೆ ಸಹಮತವಿಲ್ಲ. ಅಪಹೃತಳಾದ, ನಾಯಕನ ಬಾಲ್ಯದ ಗೆಳತಿ ಇಮೋಯೆನ್‌ಳನ್ನು ಬಿಡಿಸಲು ಹೊರಡಬೇಕೆಂದು ಆರಂಭದಲ್ಲಿಯೇ ತುರ್ತು ಹುಟ್ಟಿಸಿ, ಅದಕ್ಕೆ 20,000 ಚಿನ್ನದ ನಾಣ್ಯ ಬೇಕೆಂದು ಹೇಳಿ, ಆ ಹಣಕ್ಕಾಗಿ ಆಟಗಾರನನ್ನು ಅತ್ಕಾತ್ಲಾ ನಗರದ ಸುತ್ತಮುತ್ತ ಹತ್ತಾರು ಉಪಕಥೆಗಳಲ್ಲಿ ಬಿಟ್ಟುಬಿಡುತ್ತಾರೆ. ಆ ಅಧ್ಯಾಯ ಆಡಲು ಅದ್ಭುತವಾಗಿದೆ. ಕಥೆಯಾಗಿ ನೋಡಿದರೆ ಮಾತ್ರ ಇಮೋಯೆನ್ ಎಲ್ಲರಿಗೂ ಮರೆತೇ ಹೋಗುತ್ತಾಳೆ.

1997ರ ಫಾಲ್‌ಔಟ್ ಇದಕ್ಕೆ ವಿರುದ್ಧ. ನೆಲದಡಿಯ ಆಶ್ರಯತಾಣದಲ್ಲಿ ಬದುಕುವ ಜನಕ್ಕೆ ನೀರು ಶುದ್ಧಿ ಮಾಡುವ ಚಿಪ್ ತರಲು 150 ದಿನಗಳ ಗಡುವಿದೆ, ಗಡುವು ಮೀರಿದರೆ ಆಟ ಮುಗಿದಂತೆಯೇ. ಆ ಕಾಲದಲ್ಲಿ ಈ ಗಡುವನ್ನು ಬೈದುಕೊಂಡವರು ಬಹಳ ಮಂದಿ, ನನಗೆ ಅದರಿಂದಲೇ ಕಥೆಗೆ ಬಿಗಿ ಬಂದಂತೆ ತೋರುತ್ತದೆ. ಮಾತಿಗೆ ಆಯುಧದ ಬಲ ಕೊಟ್ಟ ಕೀರ್ತಿಯಲ್ಲಿಯೂ ಅದಕ್ಕೆ ಪಾಲಿದೆ: ಕೊನೆಯ ಎದುರಾಳಿಯಾದ ಮಾಸ್ಟರ್‌ಗೆ ಅವನ ಯೋಜನೆ ಏಕೆ ಫಲಿಸದೆಂಬುದನ್ನು ಸಾಕ್ಷ್ಯ ಸಮೇತ ತೋರಿಸಿಕೊಟ್ಟರೆ ಗುಂಡು ಹಾರಿಸದೆಯೇ ಗೆಲ್ಲಬಹುದು. ಎರಡು ವರ್ಷದ ನಂತರ ಟಾರ್ಮೆಂಟ್ ಕೂಡ ತನ್ನ ಅಂತಿಮ ಮುಖಾಮುಖಿಯನ್ನು ಮಾತಿನಲ್ಲಿ ಮುಗಿಸಲು ಅವಕಾಶ ಕೊಟ್ಟಿತು.

ಹಳಬರ ಹೊಗಳಿಕೆಯಲ್ಲಿ ಹದಿಹರೆಯದ ನೆನಪಿನ ಸಿಹಿ ಬೆರೆತಿರುವುದು ನಿಜ, ಆದರೆ ಅಷ್ಟರಿಂದಲೇ ಅದನ್ನು ಕಳೆದುಹಾಕಲಾಗದು. 2019ರಲ್ಲಿ ಬಂದ ಡಿಸ್ಕೋ ಎಲಿಸಿಯಂ ಕಾದಾಟದ ವ್ಯವಸ್ಥೆಯನ್ನೇ ಕಿತ್ತುಹಾಕಿ, ನೆನಪು ಕಳೆದುಕೊಂಡು ಎಚ್ಚರಗೊಳ್ಳುವ ನಾಯಕನನ್ನೂ ಗುಣಾಂಕಗಳಿಂದ ತೆರೆದುಕೊಳ್ಳುವ ಮಾತುಗಳನ್ನೂ ಇಟ್ಟುಕೊಂಡು ಗೆದ್ದಿತು. ಟಾರ್ಮೆಂಟ್‌ನ ಹಳೆಯ ನೆನಪು ಯಾವುದೂ ಇಲ್ಲದ ಹುಡುಗರೂ ಅದನ್ನು ಮೆಚ್ಚಿದರು. ಹೊಗಳುತ್ತಿದ್ದವರು ಹಿಡಿದು ಕೂತಿದ್ದು ಬರೀ ಹಳೆಯ ದಿನಗಳ ಹಂಬಲವನ್ನಲ್ಲ ಎಂಬುದಕ್ಕೆ ನನಗೆ ಇಷ್ಟು ಸಾಕು.

ಆದ್ದರಿಂದ ನಿಮಗೆ ನನ್ನ ಸಲಹೆ ಹೀಗಿದೆ. 2017ರಲ್ಲಿ ಬೀಮ್‌ಡಾಗ್ ಹೊರತಂದ ಎನ್‌ಹಾನ್ಸ್ಡ್ ಎಡಿಷನ್ ತೆಗೆದುಕೊಳ್ಳಿ. ಅದು ಇಂದಿನ ಪರದೆಗಳಿಗೆ ಹೊಂದುತ್ತದೆ, ಫೋನಿನಲ್ಲಿಯೂ ಸಿಗುತ್ತದೆ, ಆದರೆ ಇಷ್ಟೊಂದು ಓದುವುದಕ್ಕೆ ಫೋನು ಚಿಕ್ಕದು. ವಿಸ್ಡಮ್ 18 ಇರಲಿ, ಉಳಿದ 12 ಅಂಕಗಳಲ್ಲಿ ಹೆಚ್ಚಿನವು ಇಂಟೆಲಿಜೆನ್ಸ್ ಮತ್ತು ಕರಿಸ್ಮಾಗೆ ಹೋಗಲಿ. ಕಾದಾಟದಲ್ಲಿ ಸೋತರೆ ಗಾಬರಿಯಾಗಬೇಡಿ, ನಾಯಕ ಸತ್ತರೂ ಸಾಮಾನ್ಯವಾಗಿ ಮತ್ತೆ ಎದ್ದು ಕೂರುತ್ತಾನೆ. ಶವಾಗಾರದಲ್ಲಿ ಕೆಮ್ಮುತ್ತಾ ಸತ್ತವರ ಲೆಕ್ಕ ಬರೆಯುವ ಧಾಲ್ ಎಂಬ ವೃದ್ಧನನ್ನು ತಪ್ಪಿಸಿಕೊಂಡು ಹೋಗದೆ, ಅವನಿಗೆ ಕೇಳಬಹುದಾದದ್ದನ್ನೆಲ್ಲ ಕೇಳಿ. ಅಲ್ಲಿಂದ ಹೊರಬಿದ್ದು ಮೆಬೆತ್‌ಳ ಕೆಲಸ ಮುಗಿಸುವವರೆಗೆ ಆಡಿ ನೋಡಿ. ಅಷ್ಟರಲ್ಲಿ ಹಿಡಿಸದಿದ್ದರೆ ಮುಂದೆ ಹಿಡಿಸುವ ಸಂಭವ ಕಡಿಮೆ, ಧಾರಾಳವಾಗಿ ಬಿಟ್ಟು ಬಾಲ್ಡರ್ಸ್ ಗೇಟ್ 2ಕ್ಕೆ ಹೋಗಬಹುದು. ಬಾಲ್ಡರ್ಸ್ ಗೇಟ್ 3ರಲ್ಲಿ ನಿಮಗೆ ಮಾತಿಗಿಂತ ತಂಡ ಕಟ್ಟಿ ಕಾದಾಡುವುದೇ ಹೆಚ್ಚು ಇಷ್ಟವಾಗಿದ್ದರೆ ಅಲ್ಲಿಂದಲೇ ಆರಂಭಿಸಿದರೂ ತಪ್ಪಿಲ್ಲ.