ಬಿಚ್ಚಿಟ್ಟ ಪದ್ಮಿನಿಗೆ ಇನ್ನೆಷ್ಟು ಖರ್ಚು?

ಪ್ರಶ್ನೆ: ನಮ್ಮ ತಂದೆಯವರು ಹತ್ತಿ ವ್ಯಾಪಾರ ಮಾಡುತ್ತಿದ್ದ ಕಾಲದಲ್ಲಿ ಹೊಸದಾಗಿ ಕೊಂಡ 1978ರ ಪ್ರೀಮಿಯರ್ ಪದ್ಮಿನಿ ಕಾರು ನಮ್ಮಲ್ಲಿದೆ. ಅದಕ್ಕೆ ಈಗಿನ ದೊಡ್ಡ ಎಂಜಿನ್, ಎ.ಸಿ., ಅಗಲವಾದ ಚಕ್ರಗಳನ್ನು ಹಾಕಿಸಿ ನನ್ನ ಇಷ್ಟದಂತೆ ಸಿದ್ಧಪಡಿಸಲು ಎರಡು ವರ್ಷಗಳ ಹಿಂದೆ ಗ್ಯಾರೇಜಿಗೆ ಬಿಟ್ಟೆ. ಎರಡು ಲಕ್ಷ ರೂಪಾಯಿಯಲ್ಲಿ ಮುಗಿಯುತ್ತದೆ ಎಂದಿದ್ದರು. ಈವರೆಗೆ ಮೂರೂವರೆ ಲಕ್ಷ ಕೊಟ್ಟಿದ್ದೇನೆ. ಎಂಜಿನ್ ಇನ್ನೂ ಬಂದಿಲ್ಲ, ಕಾರು ಬರಿಯ ತಗಡಾಗಿ ಇಟ್ಟಿಗೆಗಳ ಮೇಲೆ ನಿಂತಿದೆ. ಮುಂದುವರಿಸಲೇ, ಗುಜರಿಗೆ ಹಾಕಲೇ?
– ಹೆಸರು ಬೇಡ, ಪಿ.ಜೆ. ಬಡಾವಣೆ, ದಾವಣಗೆರೆ

ಉತ್ತರ: ಗುಜರಿಯ ಮಾತು ಬೇಡ. ದೊಡ್ಡ ಎಂಜಿನ್ನಿನ ಆಸೆಯನ್ನು ಮಾತ್ರ ಬಿಟ್ಟುಬಿಡಿ. ಅದು ಇನ್ನೂ ಬಾರದಿರುವುದು ನಿಮ್ಮ ಅದೃಷ್ಟವೆಂದೇ ನಾನು ತಿಳಿಯುತ್ತೇನೆ.

ಹಳೆಯ ಕಾರಿನ ಖರ್ಚನ್ನು ಬಿಚ್ಚುವ ಮೊದಲೇ ಹೇಳಬಲ್ಲ ಮೇಸ್ತ್ರಿಯನ್ನು ನಾನು ಕಂಡಿಲ್ಲ. ಕೆಲವು ವರ್ಷಗಳ ಹಿಂದೆ ಚಿತ್ರದುರ್ಗದಲ್ಲಿ ಇಂಥದೇ ಕಾರೊಂದನ್ನು ರಿಪೇರಿಗೆ ಬಿಟ್ಟಿದ್ದೆ. ಹೊರಗಿನಿಂದ ನೋಡಿದರೆ ಬಾಗಿಲ ಮೇಲೆ ಎರಡು ಗೀರುಗಳಷ್ಟೇ ಕಾಣುತ್ತಿದ್ದವು. ಚಾಲಕನ ಕಾಲಡಿಯ ರಬ್ಬರ್ ಹಾಸನ್ನು ಎತ್ತಿ, ಅದರ ಕೆಳಗೆ ಅಂಟಿದ್ದ ಡಾಂಬರನ್ನು ಕೆರೆದು ಸ್ಕ್ರೂಡ್ರೈವರ್ ಊರಿದಾಗ ಅದು ನೆನೆದ ಹಪ್ಪಳದಲ್ಲಿ ಇಳಿದಂತೆ ಸರಕ್ಕನೆ ಇಳಿಯಿತು. ತೂತಿನಲ್ಲಿ ಗ್ಯಾರೇಜಿನ ನೆಲ ಕಾಣಿಸಿತು. ಬಾಗಿಲ ಕೆಳಗಿನ ಪಟ್ಟಿಗೆ ಆಯಸ್ಕಾಂತ ಹಿಡಿದರೆ ಅಂಟಲೇ ಇಲ್ಲ, ಏಕೆಂದರೆ ಹಿಂದಿನ ಮಾಲೀಕರು ಬೆರಳು ದಪ್ಪ ಪುಟ್ಟಿ ಮೆತ್ತಿ ಬಣ್ಣ ಹೊಡೆಸಿದ್ದರು. ನನ್ನ ಅಂದಾಜು ಪಟ್ಟಿ ಅಂದೇ ಕೆಲಸಕ್ಕೆ ಬಾರದ್ದಾಯಿತು.

ಪದ್ಮಿನಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ, ಅಂದರೆ ಭಾರ ಹೊರುವ ಅಡಿ ಚೌಕಟ್ಟು, ಇಲ್ಲ. ನೆಲದ ತಗಡು, ಬದಿಯ ಪಟ್ಟಿ, ಕಂಬಗಳು ಸೇರಿಯೇ ಭಾರ ಹೊರುವುದರಿಂದ ಅಲ್ಲಿನ ತುಕ್ಕನ್ನು ಪುಟ್ಟಿಯಿಂದ ಮುಚ್ಚುವಂತಿಲ್ಲ; ಕತ್ತರಿಸಿ ಹೊಸ ತಗಡನ್ನು ಬೆಸುಗೆ ಹಾಕಲೇಬೇಕು. ನಿಮ್ಮ ಹಣದ ಬಹುಪಾಲು ಈ ಟಿಂಕರಿಂಗಿಗೇ ಹೋಗಿದ್ದರೆ ಅದನ್ನು ನಷ್ಟವೆಂದು ಬರೆದುಕೊಳ್ಳಬೇಡಿ.

ಎಂಜಿನ್ ವಿಷಯ ಬೇರೆ. ಈ ಕಾರಿನದು 1089 ಸಿ.ಸಿ.ಯ ಸಾಧು ಎಂಜಿನ್. ಲೇತ್‌ನಲ್ಲಿ ಸಿಲಿಂಡರ್ ಕೊರೆಸಿ (ಬೋರ್ ಮಾಡಿಸಿ) ಪಿಸ್ಟನ್, ರಿಂಗ್ ಹಾಕಿಸಿದರೆ ಮತ್ತೆ ಓಡುತ್ತದೆ. ನಾಲ್ಕೂ ಚಕ್ರಗಳಿಗೆ ಡ್ರಮ್ ಬ್ರೇಕ್ ಇರುವ ಗಾಡಿಗೆ ದೊಡ್ಡ ಎಂಜಿನ್ ಕೂರಿಸುವುದು ಮೂಗಿಗಿಂತ ಮೂಗುತಿ ಭಾರವಾದಂತೆ. ಆಗ ಬ್ರೇಕ್, ಗೇರ್ ಬಾಕ್ಸ್, ರೇಡಿಯೇಟರ್ ಎಲ್ಲವನ್ನೂ ಬದಲಿಸಬೇಕಾಗುತ್ತದೆ, ಪ್ರತಿಯೊಂದು ಬದಲಾವಣೆಯೂ ಇನ್ನೊಂದನ್ನು ಕೇಳುತ್ತದೆ.

ಕಾನೂನೂ ನಿಮ್ಮ ಪರವಾಗಿಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರ ಮೂಲ ವಿವರಗಳಿಗೆ ಹೊಂದದ ಮಾರ್ಪಾಡನ್ನು ನಿರ್ಬಂಧಿಸುತ್ತದೆ; 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿಹಿಡಿದಿದೆ. ಆರ್‌.ಸಿ.ಯಲ್ಲಿ (ನೋಂದಣಿ ಪತ್ರದಲ್ಲಿ) ಇಲ್ಲದ ಎಂಜಿನ್ ಇದ್ದರೆ ಎಫ್‌.ಸಿ. (ಓಡಿಸಲು ಯೋಗ್ಯವೆಂಬ ಪ್ರಮಾಣಪತ್ರ) ಸಿಗುವುದು ಕಷ್ಟ, ಅಪಘಾತವಾದರೆ ವಿಮೆಯ ಹಣವೂ ಅನುಮಾನ. ಇನ್ನೊಂದು ಮಾತು: 2021ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ಮೀರಿದ, ಚಾಸಿ, ಬಾಡಿ ಮತ್ತು ಎಂಜಿನ್ ಹೆಚ್ಚು ಬದಲಾಗದ ಕಾರನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ನಿಮ್ಮ ಕಾರಿಗೆ 2028ರಲ್ಲಿ 50 ತುಂಬುತ್ತದೆ. ಹಾಗೆ ನೋಂದಾಯಿಸಿದರೆ ದಿನನಿತ್ಯ ಓಡಿಸುವಂತಿಲ್ಲ ಎಂಬುದೂ ನೆನಪಿರಲಿ.

ಬಿಡಿಭಾಗಗಳ ಪೈಕಿ ಎಂಜಿನ್ನಿನವು ಅಷ್ಟು ಕಾಡುವುದಿಲ್ಲ. ಕಾಡುವುದು ಗಾಜಿನ ಸುತ್ತಲಿನ ಪಟ್ಟಿ (ಬೀಡಿಂಗ್), ಬಂಪರ್, ಹಿಂದೀಪದ ಗಾಜಿನಂಥ ಸಣ್ಣಪುಟ್ಟವು. ಅವಕ್ಕಾಗಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗುವಾಗ ಹಳೆಯ ತುಂಡನ್ನು ಕೈಯಲ್ಲೇ ಒಯ್ಯಿರಿ. ಫೋಟೊ ನೋಡಿ ತಂದ ಬೀಡಿಂಗ್ ಸರಿಹೊಂದದೆ ನಾನು ಎರಡು ಸಲ ಬಸ್ ಚಾರ್ಜು ಕಳೆದುಕೊಂಡಿದ್ದೇನೆ.

ಈ ವಾರವೇ ಗ್ಯಾರೇಜಿಗೆ ಹೋಗಿ, ಬಿಚ್ಚಿದ ಭಾಗಗಳೆಲ್ಲ ಅಲ್ಲೇ ಇವೆಯೇ ಎಂದು ನೋಡಿ, ಬಾಗಿಲಿನವು ಬೇರೆ, ಬಾನೆಟ್ಟಿನವು ಬೇರೆ ಎಂದು ಚೀಲಗಳಲ್ಲಿ ಕಟ್ಟಿ ಚೀಟಿ ಅಂಟಿಸಿ. ಉಳಿದ ಟಿಂಕರಿಂಗ್, ಎಂಜಿನ್, ವೈರಿಂಗ್, ಬಣ್ಣ, ಸೀಟು – ಒಂದೊಂದಕ್ಕೂ ಬೇರೆ ಬೇರೆ ದರ ಬರೆಸಿಕೊಳ್ಳಿ. ಒಂದು ಹಂತ ಮುಗಿದದ್ದನ್ನು ಕಣ್ಣಾರೆ ಕಾಣುವವರೆಗೆ ಮುಂದಿನ ಹಂತಕ್ಕೆ ಮುಂಗಡ ಕೊಡಬೇಡಿ. ಬಣ್ಣ ಹೊಡೆಯುವ ಮುನ್ನ ಆಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ, ಬಾಗಿಲ ಕೆಳಗಿನ ಪಟ್ಟಿಯ ಉದ್ದಕ್ಕೂ ಒಮ್ಮೆ ಎಳೆದು ನೋಡಿ.