ಗಡಿ ಊರಿನ ಸಣ್ಣ ಸಾಲಿಯ ದಾಖಲಾತಿ: ಹೊರಗಿನವರಿಗೆ ಒಂದು ಉತ್ತರ

ಕರ್ನಾಟಕ-ಮಹಾರಾಷ್ಟ್ರ ಗಡಿಯ ಸಣ್ಣ ಸಾಲಿಗಳಲ್ಲಿ ಎಷ್ಟು ಮಕ್ಕಳು, ಯಾವ ಮಾತಿನವರು ಅಂತ ಹೊರಗಿನವರು ಕೇಳೋದುಂಟು. ಬೋರ್ಡಿನ ಮೇಲೆ ‘ಮರಾಠಿ ಮಾಧ್ಯಮ’ ಅಂತ ಇದ್ದರೆ ಒಳಗಿರೋದು ಬರೀ ಮರಾಠಿ ಮಾತಾಡುವ ಮನೆಯ ಮಕ್ಕಳೇ ಅಂತ ತಿಳಿಯಬೇಡ್ರಿ. ಬೆಳಗಾವಿ ಜಿಲ್ಲೆಯ ಖಾನಾಪುರ, ನಿಪ್ಪಾಣಿ ಕಡೆ ಒಂದೇ ಕಾಂಪೌಂಡಿನಲ್ಲಿ ಎರಡು ಸರ್ಕಾರಿ ಸಾಲಿ ಇರೋದುಂಟು. ಮೈದಾನ ಒಂದೇ, ಹಾಜರಿ ಪುಸ್ತಕ ಬೇರೆ, ಹೆಡ್‌ಮಾಸ್ತರ್ ಬೇರೆ. ಅಣ್ಣ ಮರಾಠಿ ಸಾಲಿಗೆ, ತಂಗಿ ಕನ್ನಡ ಸಾಲಿಗೆ ಹೋಗುವ ಮನೆಗಳೂ ಅದಾವ. ನಡೆದು ಹೋಗುವಷ್ಟು ಹತ್ತಿರ ಯಾವ ಮಾಧ್ಯಮದ ಹೈಸ್ಕೂಲ್ ಐತಿ ಅನ್ನೋದೇ ಎಷ್ಟೋ ಪಾಲಕರಿಗೆ ಮುಖ್ಯ. ಪೇಪರಿನಲ್ಲಿ ಬರುವ ಗಡಿ ಜಗಳ ಆಮೇಲಿನ ಮಾತು.

ಎರಡು ಸಾಲಿ ಅಂದಮೇಲೆ ಶಿಕ್ಷಕರ ಲೆಕ್ಕವೂ ಬೇರೆ ಬೇರೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ ಪ್ರಕಾರ ಒಂದರಿಂದ ಐದನೇ ತರಗತಿಗೆ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು. ಒಂದು ಕಡೆ 35, ಇನ್ನೊಂದು ಕಡೆ 62 ಮಕ್ಕಳಿದ್ದಾರೆ ಅಂತ ಇಟ್ಟುಕೊಳ್ಳಿ. ಎರಡನೆಯದರಲ್ಲಿ ಇಬ್ಬರು ಮಕ್ಕಳು ಟಿಸಿ ತಗೊಂಡು ಪೇಟೆಯ ಇಂಗ್ಲಿಷ್ ಸಾಲಿಗೆ ಹೋದರೆ ಮೂರನೇ ಶಿಕ್ಷಕರು ‘ಹೆಚ್ಚುವರಿ’ ಪಟ್ಟಿಗೆ ಬೀಳುತ್ತಾರೆ, ಅಂದರೆ ಬೇರೆ ಸಾಲಿಗೆ ಹೋಗಬೇಕಾಗುತ್ತದೆ. ಉಳಿದಿಬ್ಬರೇ ಐದು ತರಗತಿ ನಡೆಸಬೇಕು. ಅದನ್ನು ನೋಡಿ ಇನ್ನೂ ನಾಲ್ಕು ಮಕ್ಕಳು ಬಿಡುತ್ತಾರೆ. ಅದಕ್ಕೇ ಬೇಸಿಗೆ ಸೂಟಿ ಮುಗಿಯುವಾಗ ಎರಡೂ ಸಾಲಿಯ ಮಾಸ್ತರರು ಒಂದೇ ಅಂಗನವಾಡಿಯ ಪಟ್ಟಿ ಹಿಡಿದು ಒಂದೇ ಮನೆಯ ಬಾಗಿಲಿಗೆ ಬಂದಿರುತ್ತಾರೆ.

ಮನೆಮಾತಿನ ಗೊಂದಲ ಒಂದನೇ ತರಗತಿಯಲ್ಲಿ ಜಾಸ್ತಿ. ವಿಜಯಪುರದ ತಾಂಡಾ (ಲಂಬಾಣಿ ಜನರ ಊರು) ಸಾಲಿಯಲ್ಲಿ ಮಗು ಲಂಬಾಣಿ ಆಡುತ್ತದೆ, ಪುಸ್ತಕ ಕನ್ನಡದ್ದು. ಒಂದರಿಂದ ಮೂರನೇ ತರಗತಿಯವರನ್ನು ಒಟ್ಟಿಗೆ ಕೂಡಿಸಿ ಕಾರ್ಡ್ ಹಿಡಿದು ಕಲಿಸುವ ನಲಿ-ಕಲಿ ಪದ್ಧತಿ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಮೂರನೆಯದರ ಹುಡುಗಿ ಕಾರ್ಡ್ ತೋರಿಸಿ ತಮ್ಮನಿಗೆ ಲಂಬಾಣಿಯಲ್ಲೇ ಹೇಳಿಕೊಡುತ್ತಾಳೆ, ಶಿಕ್ಷಕರಿಗೆ ಆ ಮಾತು ಬರದಿದ್ದರೂ ನಡೆಯುತ್ತದೆ. ಆದರೆ ಕಾರ್ಡ್ ಹರಿದು ಕಳೆದ ಸಾಲಿಯಲ್ಲಿ ನಲಿ-ಕಲಿ ಅನ್ನೋದು ಹೆಸರಿಗಷ್ಟೇ.

ಇನ್ನು ಸಂಖ್ಯೆ ಕೇಳುವಾಗ ತಿಂಗಳನ್ನೂ ಕೇಳಬೇಕು. ಕಬ್ಬಿನ ಹಂಗಾಮು ಶುರುವಾದರೆ ವಿಜಯಪುರದ ತಾಂಡಾಗಳಿಂದ ಮನೆಮಂದಿಯೆಲ್ಲ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ ಹೋಗುತ್ತಾರೆ. ಅದೇ ಹೊತ್ತಿಗೆ ಮಹಾರಾಷ್ಟ್ರದ ಬೀಡ್ ಕಡೆಯ ಕಬ್ಬು ಕಡಿಯುವ ಗ್ಯಾಂಗುಗಳು ಬೆಳಗಾವಿ, ಬಾಗಲಕೋಟೆಯ ಫ್ಯಾಕ್ಟರಿಗಳ ಸುತ್ತ ಗುಡಿಸಲು ಹಾಕುತ್ತವೆ. ತಾಂಡಾದ ಸಾಲಿಯಲ್ಲಿ ಹೆಸರಿದೆ, ಮಗು ಇಲ್ಲ. ಫ್ಯಾಕ್ಟರಿ ಕಡೆ ಮಗು ಇದೆ, ಸಾಲಿಯಲ್ಲಿ ಹೆಸರಿಲ್ಲ. ಜೂನ್ ತಿಂಗಳ ದಾಖಲಾತಿ ನೋಡಿ ಡಿಸೆಂಬರಿನ ಮಾತಾಡಿದರೆ ತಪ್ಪುತ್ತದೆ. ಸುಲಭದ ತಾಳೆ ಬೇಕಂದರೆ ಬಿಸಿಯೂಟದ ಕೋಣೆಗೆ ಹೋಗಿ. ಐದನೇವರೆಗೆ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, ಆರರಿಂದ ಎಂಟಕ್ಕೆ 150 ಗ್ರಾಂ. ಐದನೇವರೆಗಿನ ಸಾಲಿಯಲ್ಲಿ 58 ಹೆಸರಿದ್ದು ಅಡುಗೆಯಕ್ಕ 4 ಕಿಲೋ ಅಕ್ಕಿ ಅಳೆಯುತ್ತಿದ್ದರೆ, ಅವತ್ತು ಬಂದದ್ದು ಸುಮಾರು 40.

ಮಹಾರಾಷ್ಟ್ರದ ಜತ್ತ ಕಡೆಯಿಂದ ನಮ್ಮ ಅಥಣಿಗೆ ಬರುವ ಮಕ್ಕಳಿಗೆ ಕಾಗದದ್ದೇ ತೊಡಕು. ಟಿಸಿ ಬಂದಿಲ್ಲ, ಜನನ ದಾಖಲೆ ಇಲ್ಲ ಅಂತ ವಾಪಸ್ ಕಳಿಸುವಂತಿಲ್ಲ. ಕಾಯ್ದೆ ಸ್ಪಷ್ಟ ಇದೆ. ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಳ್ಳಬೇಕು. ಸಿಕ್ಕಿಕೊಳ್ಳೋದು ಮಕ್ಕಳ ದಾಖಲೆಯ ಸರ್ಕಾರಿ ತಂತ್ರಾಂಶ ಎಸ್‌ಎಟಿಎಸ್‌ನಲ್ಲಿ ಹೆಸರು ಏರಿಸುವಾಗ: ಆಧಾರಿನಲ್ಲಿ ಅಡ್ಡಹೆಸರು ಮೊದಲು, ಹಳೆಯ ದಾಖಲೆಯಲ್ಲಿ ಕೊನೆಗೆ. ಸೇರಿಸುವ ದಿನವೇ ಎರಡನ್ನೂ ಎದುರು ಇಟ್ಟು ಅಕ್ಷರ ಅಕ್ಷರ ಹೊಂದಿಸಿ ನೋಡಿ, ತಪ್ಪಿದ್ದರೆ ಆಧಾರ್ ತಿದ್ದುಪಡಿಗೆ ಆಗಲೇ ಕೊಡಿಸಿ. ಹತ್ತನೇ ತರಗತಿಗೆ ಬಂದಮೇಲೆ ತಿದ್ದಿಸೋದು ಅಂದರೆ ಅಫಿಡವಿಟ್, ಬಿಇಓ (ತಾಲೂಕಿನ ಶಿಕ್ಷಣಾಧಿಕಾರಿ) ಆಫೀಸಿನ ಓಡಾಟ, ಕೂಲಿ ಬಿಟ್ಟು ಬರುವ ಅಪ್ಪ.